ಜಾಗದ ಅಜ್ಜನ ಕೆಂಪು ಸೋಡಾ

ಸಿಟ್ಟು ಮಾಡಲು ಪುರಂದರ ಸಾಲ್ಯಾನರಿಗೆ ಕಾರಣವೇ ಬೇಕೆಂದಿರಲಿಲ್ಲ. ಆದರೆ ಕೊಲ್ಲಿ ನಾಡಿನ ಅಲ್ ಮುರಕ್ಕಬಾತಿನ ಆ ಥಾಯ್ ಹೋಟೆಲಿನಲ್ಲಿ ಕಾರಣಗಳಿಗೆ ಬರವೂ ಇರಲಿಲ್ಲ. ಮೂಲ್ಕಿ ಕಡೆಯವರಾದ ಅವರು ಅಲ್ಲಿ ಮ್ಯಾನೇಜರ್. ಕ್ಯಾಷಿನಲ್ಲಿ ಕೂರುವ ಕಿನ್ನಿಗೋಳಿಯ ರೇಮಂಡನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಥಾಯ್‌ಗಳು. ಹಗಲು ಅವರೊಂದಿಗೆ ದುಡಿಮೆ, ರಾತ್ರಿ ಅವರೊಂದಿಗೇ ಹಿಂದಿನ ಬೀದಿಯ ಸ್ಟಾಫ್ ಫ್ಲಾಟಿನಲ್ಲಿ ವಾಸ.

ಮೊದಲ ಅನ್ಯಾಯ ಹೆಸರಿಗೇ ಆಯಿತು. ಉದ್ದದ ಹೆಸರನ್ನು ನಾಲಗೆಯ ಮೇಲೆ ಹೊತ್ತು ತಿರುಗುವ ಜನ ಅವರಲ್ಲ. ಪುರಂದರ ಎಂಬುದು 'ಪು' ಆಯಿತು. ಹಿರಿಯರಲ್ಲವೇ, ಗೌರವಕ್ಕೆಂದು ಮುಂದೆ ಒಂದು 'ಪೀ' ಸೇರಿತು. ಅಣ್ಣ ಎಂದರ್ಥವಂತೆ. ತುಳುವಿನಲ್ಲಿ ಅದರ ಅರ್ಥವೇನೆಂದು ಮೂಲ್ಕಿಯ ಯಾವ ಮಗುವನ್ನು ಕೇಳಿದರೂ ಮೂಗು ಮುಚ್ಚಿಕೊಂಡು ಹೇಳುತ್ತದೆ.

ಎರಡನೆಯದು, ಬೈದರೆ ನಗುತ್ತಾರೆ. ಊರಿನಲ್ಲಿ ಬೈಸಿಕೊಂಡವನು ಒಂದೋ ತಲೆ ತಗ್ಗಿಸುತ್ತಾನೆ, ಇಲ್ಲವೇ ತಿರುಗಿ ಬೈಯುತ್ತಾನೆ. ಎರಡಕ್ಕೂ ಒಂದು ಮರ್ಯಾದೆ ಉಂಟು. ಇವರು ಮೆಲ್ಲಗೆ ನಗುತ್ತಾರೆ. "ನಾಚಿಕೆ ಆದಾಗಲೂ ಬೇಜಾರಾದಾಗಲೂ ಅವರು ನಗುವುದೇ ಪುರಂದರಣ್ಣ," ಎಂದು ರೇಮಂಡ್ ಎಷ್ಟು ಸಲ ಹೇಳಿದರೂ ಇವರ ತಲೆಗೆ ಹೋಗಲಿಲ್ಲ. ನಗುವವರನ್ನು ಇನ್ನಷ್ಟು ಜೋರಾಗಿ ಬೈದರು. ಅವರು ಇನ್ನಷ್ಟು ನಕ್ಕರು.

ಎಲ್ಲಕ್ಕಿಂತ ದೊಡ್ಡದು ಅಡುಗೆಮನೆಯ ಗೋಡೆಯ ಹಲಗೆ. ಅದರ ಮೇಲೊಂದು ಪುಟ್ಟ ಮರದ ಮನೆ, ಒಳಗೆ ಬೆರಳುದ್ದದ ಅಜ್ಜ, ಅಜ್ಜಿ. ಆ ಜಾಗಕ್ಕೆ ಅವರೇ ಯಜಮಾನರಂತೆ. ಮುಖ್ಯ ಅಡುಗೆಯವಳು ಸೊಮ್‌ಜೈ ದಿನಾ ಮಧ್ಯಾಹ್ನ ಒಂದು ಕೆಂಪು ಸೋಡಾದ ಮುಚ್ಚಳ ತೆಗೆದು, ಸ್ಟ್ರಾ ಹಾಕಿ ಅಜ್ಜನ ಮುಂದಿಡುತ್ತಿದ್ದಳು. ಸಂಜೆ ಅದನ್ನು ಸಿಂಕಿಗೆ ಸುರಿಯುತ್ತಿದ್ದಳು. ಮ್ಯಾನೇಜರ್ ಎಂಬ ಬಿಲ್ಲೆ ಎದೆಗೆ ಚುಚ್ಚಿಕೊಂಡು ತಾನು ಜೀವಂತ ನಿಂತಿರುವಾಗ ಇನ್ನೊಬ್ಬ ಯಜಮಾನ ಎಲ್ಲಿಂದ ಬಂದ ಎಂಬುದು ಪುರಂದರರ ಪ್ರಶ್ನೆ.

ಎರಡು ಸಾವಿರದ ಹದಿನಾರರ ಜುಲೈ ತಿಂಗಳ ಒಂದು ಶುಕ್ರವಾರ. ಅಂದು ಸಂಜೆ ಅವರ ಊರಿನ ಸಂಘದ ಭೋಜನ ಅದೇ ಹೋಟೆಲಿನಲ್ಲಿ ಗೊತ್ತಾಗಿತ್ತು. ಊಟದ ಕೊನೆಗೆ ಹೊಸ ಉಪಾಧ್ಯಕ್ಷರ ಹೆಸರು ಹೇಳುವುದಿತ್ತು. ಹೆಸರು ಪುರಂದರರದ್ದೇ ಎಂದು ಅಧ್ಯಕ್ಷ ಮೋಹನದಾಸರು ಕಣ್ಣು ಮಿಟುಕಿಸಿಯೂ ಆಗಿತ್ತು. ಪುರಂದರರು ಕನ್ನಡಿಯ ಮುಂದೆ ಭಾಷಣವನ್ನೂ ಮಾಡಿ ನೋಡಿದ್ದರು.

ಮಧ್ಯಾಹ್ನ ಮಾರ್ಕೆಟಿನಿಂದ ತರಕಾರಿ ತರುವಾಗ ವ್ಯಾನಿನ ಏಸಿ ಕೈಕೊಟ್ಟಿತು. ಬೆಂದು ಬಂದ ಪುರಂದರರ ಕಣ್ಣಿಗೆ ಬಿದ್ದದ್ದು ಆಗ ತಾನೇ ಫ್ರಿಜ್ಜಿನಿಂದ ತೆಗೆದು ಅಜ್ಜನ ಮುಂದಿಟ್ಟ ಬಾಟಲಿ.

"ಜೀವ ಇದ್ದವನಿಗೆ ನೀರಿಲ್ಲ, ಬೊಂಬೆಗೆ ಸೋಡಾ! ಎಂಥ ನ್ಯಾಯ ಇದು?" ಎಂದು ಬಾಟಲಿ ಎತ್ತಿ, ಸ್ಟ್ರಾ ಕಿತ್ತೆಸೆದು, ಎಲ್ಲರ ಎದುರಿಗೇ ಗಟಗಟನೆ ಮುಗಿಸಿದರು. ಕೊನೆಗೆ ಒಂದು ತೇಗು.

ಒರಳಲ್ಲಿ ಪಪ್ಪಾಯಿ ಜಜ್ಜುತ್ತಿದ್ದ ಸದ್ದು ನಿಂತಿತು. ಸೊಮ್‌ಜೈ ಒಂದೊಂದೇ ಒಲೆ ಆರಿಸಿದಳು. ಚಾಪೆ ಹಾಸಿ ಕೂತು, ಸೊಂಟದಿಂದ ಮೂಗಿಗೆ ಹಿಡಿಯುವ ಮೆಂಥಾಲ್ ಕಡ್ಡಿ ತೆಗೆದು ದೀರ್ಘವಾಗಿ ಎಳೆದುಕೊಂಡಳು. ನಕ್ಕಳು.

"ನೋ ಪ್ರಾಬ್ಲಮ್, ಪೀ ಪು. ಫಸ್ಟ್ ಯು ಸೇ ಸಾರಿ ಗ್ರಾಂಡ್‌ಫಾದರ್. ದೆನ್ ಕುಕ್."

"ನಾನಾ? ಆ ಬೊಂಬೆಗಾ?"

"ಟುಮಾರೋ ಲಾಟರಿ," ಎಂದಳು ಸೊಮ್‌ಜೈ. ಅಜ್ಜನ ಮೇಲೆ ಅವಳಿಗೆ ಬರೀ ಭಕ್ತಿಯಲ್ಲ, ವ್ಯವಹಾರವೂ ಇತ್ತು. "ಗ್ರಾಂಡ್‌ಫಾದರ್ ಆಂಗ್ರಿ, ನೋ ನಂಬರ್."

ಪುರಂದರರು ಕೂಗಿದರು. ವೀಸಾ ಕ್ಯಾನ್ಸಲ್ ಎಂದರು, ಖಲಾಸ್ ಎಂದರು. ಚಾಪೆಯ ಮೇಲಿನ ನಗು ಅಗಲವಾಯಿತೇ ಹೊರತು ಒಲೆ ಹೊತ್ತಲಿಲ್ಲ. ಗಂಟೆ ನಾಲ್ಕಾಯಿತು.

ರೇಮಂಡ್ ಬಾಗಿಲಿಗೆ ಒರಗಿ ಕೇಳಿದ, "ಅಲ್ಲ ಪುರಂದರಣ್ಣ, ನಿಮ್ಮ ಮನೆಯ ದೈವ ಗುಳಿಗನಿಗೆ ಇಟ್ಟ ಬೊಂಡದ ಎಳನೀರನ್ನು ನಾನು ಬಂದು ಕುಡಿದು ತೇಗಿದರೆ ನೀವು ಬಿಡುತ್ತೀರಾ?"

"ನಿನ್ನ ಕಾಲು ಮುರಿಯುತ್ತೇನೆ!"

"ಇವರು ನಿಮ್ಮ ಕಾಲು ಮುರಿಯಲಿಲ್ಲ ನೋಡಿ. ಗ್ಯಾಸ್ ಮಾತ್ರ ಆಫ್ ಮಾಡಿದ್ದು."

ಪುರಂದರರು ಕೆಮ್ಮಿದರು. ಹೊಸ ಬಾಟಲಿ ತರಿಸಿದರು. ಬೂಟು ಕಳಚಿ ಹಲಗೆಯೆದುರು ನಿಂತರು. ಮೂರು ಊದುಬತ್ತಿ ಹಚ್ಚಿ ಪಿಸುಗುಟ್ಟಿದರೆ ಸಾಕಿತ್ತು, ಥಾಯ್‌ಗಳ ಕ್ರಮ ಅಷ್ಟೇ. ಇವರಿಗೆ ಗೊತ್ತಿದ್ದದ್ದು ಮೂಲ್ಕಿಯ ಕ್ರಮ. ಎದೆಯೆತ್ತಿ, ಅಂಗಳಕ್ಕೆಲ್ಲ ಕೇಳುವಂತೆ ತುಳುವಿನಲ್ಲಿ ಶುರು ಮಾಡಿದರು:

"ಸ್ವಾಮಿ ಅಜ್ಜಾ! ನೀನೂ ಕಡಲು ದಾಟಿ ಬಂದವ, ನಾನೂ ದಾಟಿ ಬಂದವ. ಬಾಯಾರಿದವ ಒಂದು ಸೋಡಾ ಕುಡಿದದ್ದಕ್ಕೆ ಇಷ್ಟು ದೊಡ್ಡ ಪಂಚಾಯಿತಿಯಾ? ತಪ್ಪು ನನ್ನದು, ಒಪ್ಪಿದೆ. ಆದರೆ ಹತ್ತು ಜನರ ಮುಂದೆ ನನ್ನ ಮಾನ ಕಳೆಯುವುದು ನಿನ್ನ ಕಾರಣಿಕದ ಶಕ್ತಿಗೆ ಶೋಭೆಯಾ? ಒಲೆ ಹೊತ್ತಿಸಿ ಕೊಡು, ಕೇಸುಗಟ್ಟಲೆ ಸೋಡಾ ಇಡುತ್ತೇನೆ. ಕೊಡದಿದ್ದರೆ—"

"ಬೆದರಿಸಬೇಡಿ ಮಾರಾಯ್ರೆ!" ಎಂದ ರೇಮಂಡ್.

"ನೀನು ಸುಮ್ಮನಿರು. ದೈವದ ಹತ್ತಿರ ಮಾತಾಡುವ ಕ್ರಮ ನಮಗೆ ಗೊತ್ತುಂಟು."

ಅಜ್ಜನನ್ನು ಗದರಿಸುವ ಮನುಷ್ಯನನ್ನು ಸೊಮ್‌ಜೈ ಹುಟ್ಟಿದ ಮೇಲೆ ಕಂಡಿರಲಿಲ್ಲ. ಪಾತ್ರೆ ತೊಳೆಯುವವಳು ರೆಫ್ರಿಜರೇಟರಿನ ಮರೆಗೆ ಹೋದಳು. ಆದರೆ ಅಷ್ಟು ಗಟ್ಟಿಯಾಗಿ ಹೇಳಿದ್ದು ಅಜ್ಜನ ಕಿವಿಗೆ ಬೀಳದೆ ಇರಲು ಸಾಧ್ಯವಿಲ್ಲ ಎಂದು ಸೊಮ್‌ಜೈಗೆ ಅನಿಸಿರಬೇಕು. ಎರಡೂ ಕೈ ಹಣೆಗೆತ್ತಿ ಮುಗಿದು, ಒಲೆ ಹೊತ್ತಿಸಿದಳು.

ಸಂಜೆ ಸಂಘ ಬಂತು, ಉಂಡಿತು, ಹುಳಿಸಾರಿನ ಸಿಗಡಿಯನ್ನು ಹೊಗಳಿತು. ಮೋಹನದಾಸರು ಐಸ್‌ಕ್ರೀಮಿಗೆ ಮುಂಚೆ ಅಡುಗೆಮನೆ ನೋಡಬೇಕೆಂದು ಎದ್ದರು. ಊರಿನ ದೈವಕ್ಕೆ ಮುಖವಾಡದಂಥ ಬೆಳ್ಳಿಯ ಮೊಗ ಮಾಡಿಸಿಕೊಟ್ಟು, ಪಕ್ಕದಲ್ಲಿ ನಿಂತು ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡವರು ಅವರು.

"ಎಂಥದಿದು ಪುರಂದರ, ಬೊಂಬೆಯಾಟವಾ?" ಎಂದು ನಗುತ್ತ ಎರಡು ಬೆರಳಿನಲ್ಲಿ ಅಜ್ಜನ ಕುತ್ತಿಗೆ ಹಿಡಿದು ಎತ್ತಿದರು. "ಈ ಕಪ್ಪೆ ತಿನ್ನುವವರಿಗೂ ದೇವರು ಉಂಟಾ?"

ಸೊಮ್‌ಜೈ ನಕ್ಕಳು. ಅದೇ ನಗು. ಅದು ಏನೆಂದು ಪುರಂದರರಿಗೆ ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ.

"ಕೆಳಗಿಡಿ!" ಎಂದರು. ಎಷ್ಟು ಜೋರಾಗಿ ಎಂದರೆ ಹೊರಗೆ ಸಂಘದವರ ಚಮಚಗಳೆಲ್ಲ ನಿಂತವು. "ಇಡಿ ಹೇಳಿದ್ದು! ನಿಮ್ಮ ಬೆಳ್ಳಿ ಮೊಗವನ್ನು ಇವಳು ಬಂದು ಹೀಗೆ ಎತ್ತಿದರೆ ಆಗುತ್ತದಾ? ಬೂಟು ಬೇರೆ ಹಾಕಿ ನಿಂತಿದ್ದೀರಿ! ಮೊದಲು ತಪ್ಪಾಯಿತು ಹೇಳಿ!"

"ಯಾರ ಹತ್ತಿರ ಮಾತಾಡುವುದು ಅಂತ ಗೊತ್ತುಂಟಾ ನಿನಗೆ?"

"ಗೊತ್ತುಂಟು. ಅದಕ್ಕೇ ಇನ್ನೂ ಮರ್ಯಾದೆಯಲ್ಲಿ ಹೇಳುವುದು."

ಮೋಹನದಾಸರು ಅಜ್ಜನನ್ನು ಇಟ್ಟರು. ತಪ್ಪಾಯಿತು ಎನ್ನಲಿಲ್ಲ. ಹೊರಗೆ ಹೋಗಿ ಕೋಟು ಸರಿಮಾಡಿಕೊಂಡು, ಅಲ್ ಬರ್ಷಾದಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟವರೊಬ್ಬರನ್ನು ಉಪಾಧ್ಯಕ್ಷರೆಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಪುರಂದರರೂ ಒಂದು ಸಲ ಕೈ ತಟ್ಟಿದರು. ನೊಣ ಹೊಡೆದ ಹಾಗಿತ್ತು.

"ಹೋಯಿತಲ್ಲ ಪುರಂದರಣ್ಣ, ಕೈಗೆ ಬಂದದ್ದು," ಎಂದು ರೇಮಂಡ್ ಮರುಗಿದ.

"ಹೋಗಲಿ! ಅಧ್ಯಕ್ಷ ಅಂತ ಹೇಳಿ ಇನ್ನೊಬ್ಬರ ಅಜ್ಜನ ಕುತ್ತಿಗೆ ಹಿಡಿಯುವುದಾ?" ಪುರಂದರರು ಐಸ್‌ಕ್ರೀಮಿನ ತಟ್ಟೆಗಳ ಕಡೆ ಒಮ್ಮೆ ನೋಡಿದರು. "ಆ ಅಧ್ಯಕ್ಷರ ಟೇಬಲ್ಲಿಗೆ ಎಲ್ಲರ ನಂತರ ಕೊಡು. ಕರಗಿದರೆ ಕರಗಲಿ."

ಸೊಮ್‌ಜೈ ಏನಾಯಿತೆಂದು ಕೇಳಿದಳು. ರೇಮಂಡ್ ಹೇಳಿದ. ಅವಳು ಕರಗಲೆಂದಿಟ್ಟ ತಟ್ಟೆಗಳನ್ನು ಎತ್ತಿ ಒಲೆಯ ಹತ್ತಿರ ಇಟ್ಟಳು.