ಬೆನ್ನ ಮೇಲಿದ್ದ ಅಕ್ಕಿ ಚೀಲ

ಡ್ರೈಯರ್‌ನಿಂದ ಆಗತಾನೆ ತೆಗೆದ ಬಟ್ಟೆಯ ಬಿಸಿ ವಾಸನೆ ಬಂದರೆ ನನಗೆ ಇಂದಿಗೂ ಮುದುಡಿ ಕೂತು ತಲೆ ಬಗ್ಗಿಸಬೇಕೆನ್ನಿಸುತ್ತದೆ. 2002ರಿಂದ ಆರು ವರ್ಷ ನಾವು ಸ್ಯಾನ್ ಡಿಯೇಗೋದ ಅಂಚಿನ ಟ್ರೇಲರ್ ಪಾರ್ಕೊಂದರಲ್ಲಿದ್ದೆವು. ಸೊರೆಂಟೊ ವ್ಯಾಲಿಯಲ್ಲಿದ್ದ ಅಪ್ಪನ ಕೆಲಸ ಹೋಗಿ, ಅದಕ್ಕಿಂತ ಸಣ್ಣದೊಂದು ಸಿಕ್ಕಾಗ ಕೊಂಡ ಮನೆ. ಚಕ್ರದ ಮೇಲೆ ತಂದು ನಿಲ್ಲಿಸಿದ, ಉದ್ದನೆಯ ತಗಡಿನ ಡಬ್ಬಿಯಂಥದು. ಅಮ್ಮ ಒಗ್ಗರಣೆ ಹಾಕಿದರೆ ಸಾಸಿವೆ ಸಿಡಿಯುವುದು ಕೊನೆಯ ಕೋಣೆಗೂ ಕೇಳುತ್ತಿತ್ತು. ಜೋರು ಗಾಳಿಯ ದಿನ ಲೋಟಗಳು ತಾವಾಗಿಯೇ ಕಿಣಿಗುಟ್ಟುತ್ತಿದ್ದವು. ಆ ಗಾಳಿಗೆ ಅಮ್ಮ ಕಂಡುಕೊಂಡಿದ್ದ ಮದ್ದು ಅಕ್ಕಿ. ಆರ್ಟೀಸಿಯಾದ ಅಂಗಡಿಯವರೆಗೆ ಡ್ರೈವ್ ಮಾಡಿ ತರುತ್ತಿದ್ದ ಸೋನಾ ಮಸೂರಿಯ ಚೀಲಗಳನ್ನು ಗಾಳಿ ಬಡಿಯುವ ಮೂಲೆಯಲ್ಲಿ ಪೇರಿಸಿಡುತ್ತಿದ್ದಳು.

"ಭಾರ ಇದ್ರೆ ಮನೆ ಹಾರಲ್ಲ ಕಣ್ರೀ."

"ಈ ಮನೆ ಎಷ್ಟು ಟನ್ ಇದೆ ಗೊತ್ತಾ? ನಿನ್ನ ಅಕ್ಕಿ ಅದಕ್ಕೆ ಉಪ್ಪಿನಕಾಯಿಗೂ ಸಾಲದು," ಎಂದು ಅಪ್ಪ ನಗುತ್ತಿದ್ದರು. ಆಮೇಲೆ ನಗು ಬಿಟ್ಟು, "ನೋಡು, ಗಾಳಿ ಜಾಸ್ತಿ ಆದ್ರೆ ಏನೂ ಎತ್ತಬೇಡ. ಮಗು ಕರ್ಕೊಂಡು ಲಾಂಡ್ರಿ ರೂಮಿಗೆ ಓಡು," ಅನ್ನುತ್ತಿದ್ದರು. ಆ ಪಾರ್ಕಿನಲ್ಲಿ ಕಾಂಕ್ರೀಟಿನ ಕಟ್ಟಡವೆಂದರೆ ಎಲ್ಲರೂ ಬಟ್ಟೆ ಒಗೆಯುತ್ತಿದ್ದ ಅದೊಂದೇ.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಒಂದು ಮಳೆಯ ಮಧ್ಯಾಹ್ನ ರೇಡಿಯೋದಲ್ಲಿ ಟೊರ್ನೇಡೋ ಎಚ್ಚರಿಕೆ ಬಂತು. ನಮ್ಮ ಕಡೆ ಅದು ಅಪರೂಪ. ಆಫೀಸಿನಿಂದ ಅಪ್ಪ ಫೋನ್ ಮಾಡಿ "ಹೊರಡಿ" ಅಂದರು. ಅಮ್ಮ ಹೊರಡಲಿಲ್ಲ. ಹಿಂದಿನ ದಿನ ತಂದ ಎರಡು ಚೀಲ ಬಾಗಿಲ ಬಳಿಯೇ ಇದ್ದವು. ಅವನ್ನು ಮೂಲೆಗೆ ಎಳೆಯತೊಡಗಿದಳು. "ಇದೊಂದು ಪುಟ್ಟಿ, ಇದೊಂದೇ." ಕಾಲಡಿ ನೆಲ ನಡುಗುತ್ತಿತ್ತು. ಎರಡನೆಯ ಚೀಲದ ಮೇಲೆ ನಾನು ಕೂತುಬಿಟ್ಟೆ. "ನೀನು ಬರದಿದ್ರೆ ನಾನೂ ಹೋಗಲ್ಲ!" ಅಮ್ಮ ನನ್ನನ್ನು ನೋಡಿದಳು. ಚೀಲ ಬಿಟ್ಟಳು.

ಹಾಗೆಂದು ಈಗ ಬರೆಯುತ್ತಿದ್ದೇನೆ. ಆದರೆ ಇಷ್ಟು ವರ್ಷ ನನ್ನ ನೆನಪಿನಲ್ಲಿ ಅಮ್ಮ ಆ ಚೀಲವನ್ನೂ ಕಂಕುಳಲ್ಲಿ ಇರುಕಿಕೊಂಡೇ ಓಡಿದ್ದಳು. ವಾಷಿಂಗ್ ಮೆಷೀನಿಗೂ ಗೋಡೆಗೂ ನಡುವೆ ನನ್ನನ್ನು ಕೂರಿಸಿ, ಮೇಲಿಂದ ಏನಾದರೂ ಬಿದ್ದೀತೆಂದು ಅದನ್ನು ನನ್ನ ಬೆನ್ನ ಮೇಲೆ ಹೊದಿಸಿದ್ದಳು. ಯಾರದೋ ಬಟ್ಟೆಯ ಬಿಸಿ ವಾಸನೆ, ಅದರೊಳಗೆ ಅಕ್ಕಿಯ ಧೂಳಿನ ವಾಸನೆ, ಉಸಿರು ಕಟ್ಟುವ ಭಾರ.

ಮನೆ ಹಾರಲಿಲ್ಲ. ಮೆಟ್ಟಿಲ ಮೇಲಿನ ತಗಡು ಮಾತ್ರ ಪಕ್ಕದವರ ಕಾರಿನ ಮೇಲೆ ಬಿದ್ದಿತ್ತು. "ನೋಡಿದ್ರಾ, ಹಿಡ್ಕೊಂಡಿತು," ಎಂದು ಅಮ್ಮ ಬೀಗಿದಳು. ಅಪ್ಪ ಟ್ರೇಲರಿನಡಿ ತೆವಳಿ ಮನೆಯನ್ನು ನೆಲಕ್ಕೆ ಬಿಗಿದ ಪಟ್ಟಿಗಳನ್ನು ಬಿಗಿ ಮಾಡಿದರು. ಅಕ್ಕಿಯ ಬಗ್ಗೆ ಮತ್ತೆ ತಮಾಷೆ ಮಾಡಲಿಲ್ಲ.

ನನ್ನ ಆ ದಿನದ ಡೈರಿಯಲ್ಲಿರುವುದು ಎರಡೇ ಮಾತು: ತುಂಬಾ ಗಾಳಿ, ಹೋಂವರ್ಕ್ ಇಲ್ಲ. ಅಮ್ಮನನ್ನು ಕೇಳೋಣವೆಂದರೆ ಅವಳು ಹೋಗಿ ಮೂರು ವರ್ಷವಾಯಿತು. ಕಳೆದ ಭಾನುವಾರ, ಈಗ ಸೆರಿಟೋಸ್‌ನಲ್ಲಿರುವ ಅಪ್ಪನನ್ನು ಆ ಚೀಲದ ಬಗ್ಗೆ ಕೇಳಿದೆ.

"ಚೀಲ ಎಲ್ಲಾ ಮನೇಲೇ ಇತ್ತು ಕಣಮ್ಮ," ಅಂದರು. "ಒಂದು ಮಾತ್ರ ಬಾಗಿಲಿಗಡ್ಡ ಬಿದ್ದಿತ್ತು, ನಾನೇ ಎತ್ತಿಟ್ಟೆ. ನಿನ್ನನ್ನ ಎತ್ಕೊಂಡು ಓಡಿದೋಳು ಅಕ್ಕಿ ಎಲ್ಲಿ ಹಿಡ್ಕೋತಾಳೆ?"

ಹಾಗಾದರೆ ಅಷ್ಟು ಹೊತ್ತು ನನ್ನ ಬೆನ್ನ ಮೇಲೆ ಕವಿದಿದ್ದವಳು ಅಮ್ಮನೇ.