ಕೊಬ್ಬರಿ ಹೆಚ್ಚಿದ ಚಾಕು

ನಮ್ಮ ಓನರ್ ಅಂಕಲ್ ಅವರ ಕೈಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಸಾಣೆಕಲ್ಲಿನ ಮೇಲೆ ಅಲಗನ್ನು ಒತ್ತಿ ಹಿಡಿದು ಹಿಡಿದು ಗಾಜಿನಂತೆ ನುಣುಪಾಗಿದ್ದವು. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರಕ್ಕೆ ಅವರ ಗುರುತೇ ಹತ್ತುತ್ತಿರಲಿಲ್ಲ. "ಅದರ ಲೆಕ್ಕದಲ್ಲಿ ನಾನಿಲ್ಲ ಕಣಮ್ಮ" ಎಂದು ನಗುತ್ತಿದ್ದರು.

ಯಲಹಂಕದ ಹಳೇ ಊರಿನಲ್ಲಿ ಅವರ ಮನೆಯ ಕೆಳಭಾಗಕ್ಕೆ ನಾನು ಧಾರವಾಡದಿಂದ ಬಂದು ಬಾಡಿಗೆಗಿದ್ದೆ. ಕಾಲೇಜೊಂದರ ಕ್ಯಾಂಟೀನಿನಲ್ಲಿ ಅಡುಗೆ ನನ್ನ ಕೆಲಸ. ಅವರು ಕಾರ್ಖಾನೆಯೊಂದರ ಟೂಲ್‌ರೂಮಿನಿಂದ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹೊಸದಾಗಿ ಕೊಂಡ ಗಟ್ಟಿ ಉಕ್ಕಿನ ಚಾಕುವನ್ನು ನಾನು ಕಲ್ಲಿಗೆ ಉಜ್ಜುವ ಸದ್ದು ಕೇಳಲಾಗದೆ ಅವರು ಮೆಟ್ಟಿಲಿಳಿದು ಬಂದದ್ದೇ ನಮ್ಮ ಪರಿಚಯ.

"ಎಷ್ಟು ನಂಬರ್ ಕಲ್ಲದು?"

"ನಾನೂರು ರೀ ಅಂಕಲ್. ಎಷ್ಟ್ ತಿಕ್ಕಿದ್ರೂ ಹರಿತ ಆಗವಲ್ದು ನೋಡ್ರಿ."

"ಗಟ್ಟಿ ಉಕ್ಕು ಬಗ್ಗಲ್ಲಮ್ಮ, ಮುರಿಯುತ್ತೆ. ಅಲಗಿನ ಬಾಯಿ ಮುಕ್ಕಾಗಿದ್ರೆ ಮಾತ್ರ ನಾನೂರು. ನಂಬರ್ ಹೆಚ್ಚಿದಷ್ಟೂ ಕಲ್ಲು ನುಣುಪು. ಸಾವಿರದಲ್ಲಿ ಶುರು ಮಾಡು, ಮೂರು ಸಾವಿರಕ್ಕೆ ನಿಲ್ಸು. ಅದಕ್ಕಿಂತ ನುಣುಪು ಮಾಡಿದ್ರೆ ಟೊಮೇಟೊ ಸಿಪ್ಪೆ ಮೇಲೆ ಜಾರುತ್ತೆ."

ಅಂದಿನಿಂದ ಶನಿವಾರ ಮಧ್ಯಾಹ್ನ ಅವರ ಬಾಲ್ಕನಿಯಲ್ಲಿ ನನ್ನ ಪಾಠ. ನಾನು ನನ್ನ ಚಾಕು ಮಸೆಯುವಾಗ ಅವರು ಹೆಂಡತಿಯ ಚಾಕು ಮಸೆಯುತ್ತಿದ್ದರು. ಅದೂ ಗಟ್ಟಿ ಉಕ್ಕಿನದೇ. ಆಕೆ ಹೋದ ಮೇಲೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಅವರಿಗೆ ಊಟ ಮೆಸ್ಸಿನಿಂದ ಬರುತ್ತಿತ್ತು. ಆದರೂ ಪ್ರತಿ ವಾರ ಅವರು ಮೊದಲು ಎತ್ತಿಕೊಳ್ಳುತ್ತಿದ್ದುದು ನಾನೂರರ ಕಲ್ಲನ್ನೇ. ಯಾಕೆಂದು ಒಮ್ಮೆ ಕೇಳಿದೆ. ಅಲಗನ್ನು ಬೆಳಕಿಗೆ ಹಿಡಿದು ತೋರಿಸಿದರು. ಹೋದ ವಾರ ಮಸೆದು ಸರಿಮಾಡಿದ್ದರೂ ಹಿಡಿಯ ಹತ್ತಿರ ಮತ್ತೆ ಅಕ್ಕಿನುಚ್ಚಿನಷ್ಟು ಮುಕ್ಕು.

"ಆ ಜಾಗದಲ್ಲೇ ಕೊಬ್ಬರಿ ಹೆಚ್ಚೋಳು. ಬೇಡ ಅಂದ್ರೆ ಕೇಳ್ತಿರ್ಲಿಲ್ಲ. ಈಗ್ಲೂ ಕೇಳಲ್ಲ."

ಒಬ್ಬರೇ ಇರುವವರು, ತಾವೇ ಏನೋ ಹೆಚ್ಚಿ ಮರೆತಿರಬೇಕು ಎಂದುಕೊಂಡೆ.

ಕಳೆದ ಬೇಸಿಗೆಯಲ್ಲಿ ಹೃದಯದ ಆಪರೇಷನ್‌ಗೆಂದು ಆಸ್ಪತ್ರೆಗೆ ಸೇರಿದರು. ಹೋಗುವ ಮುನ್ನ ಆ ಚಾಕುವನ್ನು ಮಸೆದು, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಬಾಯಿ ಎಲ್ಲೂ ಮುಕ್ಕಿಲ್ಲವೆಂದು ನಾನೇ ಉಗುರಿನಿಂದ ಸವರಿ ನೋಡಿ, ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಶನಿವಾರ ತೆಗೆದಾಗ ಬಟ್ಟೆ ಸುತ್ತಿದ ಹಾಗೇ ಇತ್ತು. ಬಿಚ್ಚಿದರೆ ಹಿಡಿಯ ಹತ್ತಿರ ಮುಕ್ಕು. ಬಟ್ಟೆಯ ಮಡಿಕೆಯಲ್ಲಿ ಕೊಬ್ಬರಿಯ ಜಿಡ್ಡು, ಅದರದೇ ವಾಸನೆ. ಹೆದರಿ ಚಾಕುವನ್ನು ಬೀರುವಿಗೆ ತಳ್ಳಿ ಮತ್ತೆ ಬೀಗ ಹಾಕಿದೆ.

ಸಂಜೆ ಆಸ್ಪತ್ರೆಗೆ ಹೋದರೆ ಅವರು ಮೊದಲು ಕೇಳಿದ್ದೇ ಅದನ್ನು.

"ಬಾಯಿ ಹೆಂಗಿದೆ?"

"ಮುಕ್ಕಾಗೇತ್ರಿ ಅಂಕಲ್."

ಬಿಗಿದಿದ್ದ ಅವರ ಮುಖ ಸಡಿಲವಾಯಿತು. "ಸದ್ಯ. ನಿನ್ ಮನೆಗೂ ಬರ್ತಾಳೆ ಅಂತಾಯ್ತು. ಕಲ್ಲುಗಳನ್ನ ನೀನೇ ಇಟ್ಕೊಳಮ್ಮ."

ಆಪರೇಷನ್ ಆದ ಮೇಲೆ ಅವರಿಗೆ ಎಚ್ಚರವಾಗಲೇ ಇಲ್ಲ.

ಆಮೇಲೂ ಮುಕ್ಕು ಬೀಳುವುದು ನಿಲ್ಲಲಿಲ್ಲ. ನಾನೂರು, ಸಾವಿರ, ಮೂರು ಸಾವಿರ ಎಂದು ಅವರು ಕಲಿಸಿದ ಹಾಗೇ ನಾನು ಮಸೆಯುತ್ತಿದ್ದೆ. ಬರಬರುತ್ತಾ ಹೆದರಿಕೆ ಹೋಗಿ, ಪಾತ್ರೆ ತೊಳೆಯುವಂತೆ ಅದೂ ಒಂದು ಮನೆಗೆಲಸವಾಯಿತು.

ಮೊನ್ನೆ ಶನಿವಾರ ತೆಗೆದರೆ ಮುಕ್ಕಿಲ್ಲ. ಬಾಯಿ ಹೊಳೆಯುತ್ತಿತ್ತು, ನನ್ನ ಕೈಯಲ್ಲಿ ಎಂದೂ ಅಷ್ಟು ಹರಿತ ಬಂದಿರಲಿಲ್ಲ. ನನ್ನ ಚಾಕುವನ್ನಾದರೂ ಮಸೆಯೋಣವೆಂದು ಕಲ್ಲುಗಳ ಡಬ್ಬ ತೆರೆದೆ. ಮಸೆಯುವ ಮುಂಚೆ ನೀರಿನಲ್ಲಿ ನೆನೆಸಬೇಕಾದ ಮೂರು ಸಾವಿರದ ಕಲ್ಲು ಆಗಲೇ ನೆನೆದಿತ್ತು, ಮೇಲೆ ಉಕ್ಕಿನ ಬೂದು ರಾಡಿ ಇನ್ನೂ ಹಸಿಯಾಗಿತ್ತು. ಅಂಕಲ್ ಅವರ ಕೆಲಸವಿನ್ನೂ ಮುಗಿದಿರಲಿಕ್ಕಿಲ್ಲ ಎನ್ನಿಸಿ, ಡಬ್ಬ ಮುಚ್ಚಿ ಹೊರಗೆ ಬಂದು ಕೂತೆ.