ತಂಗಿಯನ್ನು ಡಾಕ್ಟರಿಗೆ ತೋರಿಸಿದ್ದು

ತಂಗಿ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವಳು ಹಾಡುತ್ತಿದ್ದ ದೇವರನಾಮಗಳನ್ನು ನೆನೆದರು. ‘ಒಂದು ದಿನವೂ ಪುಸ್ತಕ ನೋಡ್ತಿರ್ಲಿಲ್ಲ’ ಎಂದು ಎದುರು ಮನೆಯಾಕೆ ಹೊಗಳಿದರು. ನೋಡಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ ಎಂದು ನಾನು ಹೇಳಲಿಲ್ಲ. ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ಸಿಟ್ಟು ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ. ತಂಗಿ ಫೇಲಾಗಿ ಮತ್ತೆ ಮೂರನೆಯ ಕ್ಲಾಸಿನಲ್ಲೇ ಕೂತಿದ್ದಳು. ಒಮ್ಮೆ ಕೇಳಿದ ಕಥೆಯನ್ನು ಮಾತಿಗೆ ಮಾತು ಒಪ್ಪಿಸುತ್ತಿದ್ದಳು, ಅಂಗಡಿಗೆ ಕಳಿಸಿದರೆ ಒಂದು ಸಾಮಾನೂ ಮರೆಯುತ್ತಿರಲಿಲ್ಲ. ಪುಸ್ತಕ ಬಿಚ್ಚಿದರೆ ಮಾತ್ರ ನಿನ್ನೆ ತಿದ್ದಿದ ಅಕ್ಷರ ಇವತ್ತು ಹೊಸದಾಗಿ ಕಾಣುತ್ತಿತ್ತು. ಕಣ್ಣಿನ ಡಾಕ್ಟರು ಕಣ್ಣು ಸರಿಯಾಗಿದೆ ಎಂದರು. ಡಿಸ್ಲೆಕ್ಸಿಯಾ ಎನ್ನುವ ಮಾತು ನನ್ನ ಕಿವಿಗೆ ಬಿದ್ದದ್ದು ತಲೆ ಪೂರ್ತಿ ಬೆಳ್ಳಗಾದ ಮೇಲೆ.

ಹೆಡ್‌ಮಿಸ್ಟ್ರೆಸ್ ಅಪ್ಪನನ್ನು ಕರೆಸಿದರು. ಅವರು ಕೆಟ್ಟವರಲ್ಲ. ‘ಪಾಪ, ಮಗೂಗೆ ಬುದ್ಧಿ ಸಾಲದು ಅನ್ಸತ್ತೆ. ಬುದ್ಧಿ ಪರೀಕ್ಷೆ ಮಾಡೋ ಡಾಕ್ಟರು ಇದಾರಂತಲ್ಲ, ತೋರಿಸಿ. ಹೀಗೆ ಹೇಳಿಕೊಡಿ ಅಂತ ಅವರೇನಾದ್ರೂ ಅಂದ್ರೆ ಹಾಗೇ ಮಾಡೋಣ. ಇಲ್ಲದಿದ್ರೆ ಮುಂದಿನ ವರ್ಷ ಇಟ್ಕೊಳ್ಳೋದು ಕಷ್ಟ’ ಎಂದರಂತೆ.

ಅಪ್ಪ ಆಫೀಸಿನವರನ್ನು ವಿಚಾರಿಸಿ ಒಬ್ಬ ಡಾಕ್ಟರನ್ನು ಗೊತ್ತುಮಾಡಿಕೊಂಡು ಬಂದರು. ಬರುವಾಗ ಶಾಲೆಯ ಕನ್ನಡ ಪುಸ್ತಕ ತನ್ನಿ ಎಂದು ಅವರು ಹೇಳಿಕಳಿಸಿದ್ದರು.

ಅಮ್ಮನಿಗೆ ದಿಗಿಲಾಯಿತು. ‘ಹುಚ್ಚರ ಡಾಕ್ಟರ ಹತ್ರ ಹೋಗಿದ್ರು ಅಂತ ಗೊತ್ತಾದ್ರೆ ನಾಳೆ ಇವಳನ್ನ ಯಾರು ಮಾಡ್ಕೋತಾರೆ?’

‘ಹುಚ್ಚರ ಡಾಕ್ಟರಲ್ಲ ಕಣೆ. ಬುದ್ಧಿ ಪರೀಕ್ಷೆ ಮಾಡ್ತಾರೆ, ಅಷ್ಟೆ.’

ಪರೀಕ್ಷೆ ಎಂದ ಮೇಲೆ ಅಮ್ಮನಿಗೆ ದಾರಿ ಕಂಡಿತು. ನಮ್ಮ ಮನೆಯಲ್ಲಿ ಓದಿಕೊಳ್ಳದೆ ಯಾರೂ ಪರೀಕ್ಷೆಗೆ ಹೋದದ್ದಿಲ್ಲ. ಅವತ್ತಿನಿಂದ ಸಂಜೆ ದೀಪ ಹಚ್ಚಿ ಶ್ಲೋಕ ಹೇಳಿಸಿದ ಮೇಲೆ ಅಮ್ಮ ಆ ಪುಸ್ತಕವನ್ನು ಹಿಡಿದು ಕೂರುತ್ತಿದ್ದಳು. ಅವಳು ಒಂದು ಸಾಲು ಓದುವುದು, ತಂಗಿ ಅದನ್ನೇ ಹೇಳುವುದು. ಯಾವ ಚಿತ್ರ ಬಂದರೆ ಯಾವ ಪಾಠ, ಎಲ್ಲಿಗೆ ಹಾಳೆ ಮುಗಿಯುತ್ತದೆ, ಎಲ್ಲವೂ ಬಾಯಿಪಾಠ. ಹೋಗುವ ಹೊತ್ತಿಗೆ ಇಡೀ ಪುಸ್ತಕ ಅವಳ ನಾಲಿಗೆಯ ಮೇಲಿತ್ತು.

ಅಪ್ಪನಿಗೆ ರಜೆ ಸಿಗಲಿಲ್ಲವೆಂದು ಅಮ್ಮನ ಜೊತೆಗೆ ನಾನು ಹೋದೆ. ಡಾಕ್ಟರು ತಂಗಿಗೆ ಮರದ ತುಂಡುಗಳನ್ನು ಜೋಡಿಸಲು ಹೇಳಿದರು, ಕೂಡುವ ಲೆಕ್ಕ ಬಾಯಲ್ಲೇ ಕೇಳಿದರು. ಎಲ್ಲವನ್ನೂ ಸರಸರನೆ ಮಾಡಿದಳು. ಆಮೇಲೆ ಅವರು ಪುಸ್ತಕದ ನಡುವೆ ಬೆರಳಿಟ್ಟು ತೆಗೆದರು. ಬಾವಿಯ ಚಿತ್ರವಿದ್ದ ಪುಟ. ತಂಗಿ ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ ಎಲ್ಲೂ ತಡವರಿಸದೆ ಒಪ್ಪಿಸಿದಳು.

‘ಚೆನ್ನಾಗಿ ಓದ್ತಾಳಲ್ಲಮ್ಮ.’

ನನಗೆ ತಡೆಯಲಾಗಲಿಲ್ಲ. ‘ಓದ್ತಿಲ್ಲ ಸಾರ್. ಬಾಯಿಪಾಠ ಆಗಿದೆ.’

ಅಮ್ಮ ನನ್ನ ತೋಳು ಚಿವುಟಿದಳು. ಡಾಕ್ಟರು ನಕ್ಕರು. ‘ಇಷ್ಟು ಬಾಯಿಪಾಠ ಮಾಡೋ ತಲೆ ಇರೋಳಿಗೆ ಓದೋದೇನು ಮಹಾ? ಅಕ್ಕಂಗೆ ಹೊಟ್ಟೆಕಿಚ್ಚು ಅಂತ ಕಾಣತ್ತೆ.’ ಬೇರೆ ಪುಸ್ತಕವೊಂದನ್ನು ಕೊಟ್ಟು ನೋಡಿ ಸಾರ್ ಎಂದೆ. ಅವರ ಮೇಜಿನ ಮೇಲೆ ಕನ್ನಡ ಪತ್ರಿಕೆಯೂ ಇತ್ತು. ಅಷ್ಟರಲ್ಲಿ ಅವರು ಅಮ್ಮನ ಕಡೆ ತಿರುಗಿದ್ದರು. ‘ಬುದ್ಧಿಗೇನೂ ಕಮ್ಮಿ ಇಲ್ಲ. ಸೋಮಾರಿತನ. ಮುದ್ದು ಜಾಸ್ತಿ ಆಗಿದೆ, ಸ್ವಲ್ಪ ಬಿಗಿ ಮಾಡಿ.’

ಅಮ್ಮನಿಗಾದ ಸಂತೋಷ ಹೇಳತೀರದು. ಬರುವಾಗ ಹನುಮಂತನಗರದಲ್ಲಿ ಬಸ್ಸಿಳಿದು, ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹತ್ತಿ ಹಣ್ಣುಕಾಯಿ ಮಾಡಿಸಿದಳು. ಮಾರನೆಯ ದಿನ ತಾನೇ ಶಾಲೆಗೆ ಹೋಗಿ ಡಾಕ್ಟರ ಮಾತನ್ನು ಒಂದಕ್ಷರ ಬಿಡದೆ ಹೇಳಿ ಬಂದಳು.

ಅಲ್ಲಿಯವರೆಗೆ ಶಾಲೆಯಲ್ಲಿ ತಂಗಿಯನ್ನು ಪಾಪ ಎಂದು ಬಿಟ್ಟುಬಿಡುತ್ತಿದ್ದರು. ಈಗ ಪಾಪ ಹೋಗಿ ಸೊಕ್ಕು ಎನ್ನುವ ಮಾತು ಬಂತು. ‘ಬುದ್ಧಿ ಇಟ್ಕೊಂಡು ನಾಟಕ ಆಡ್ತೀಯಾ?’ ಎಂದು ಕ್ಲಾಸಿನ ಮೇಡಂ ಹೊಸ ಪಾಠ ಬಂದಾಗಲೆಲ್ಲ ಅವಳನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರು. ಮನೆಯಲ್ಲಿ ಅಪ್ಪ, ಎಂದೂ ಕೈಯೆತ್ತದವರು, ಅಡಿಕೋಲು ಹಿಡಿದರು. ಅದು ಬಾಯಿಪಾಠ ಎಂದು ನಾನು ಅಪ್ಪನಿಗೂ ಹೇಳಿದೆ. ‘ಡಾಕ್ಟರಿಗಿಂತ ನಿಂಗೆ ಗೊತ್ತಾ?’ ಎಂದರು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು.

ಒಂದು ಸಂಜೆ ಅವಳ ಏಟು ಬಿದ್ದ ಅಂಗೈಗೆ ನಾನು ಎಣ್ಣೆ ಹಚ್ಚುತ್ತಿದ್ದಾಗ ತಂಗಿ ಕೇಳಿದಳು. ‘ಅಕ್ಕಾ, ಇನ್ನೊಂದ್ಸಲ ಆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀಯಾ? ಈ ಸಲ ತಪ್ಪು ತಪ್ಪು ಹೇಳ್ತೀನಿ. ದಡ್ಡಿ ಅಂದ್ಬಿಡ್ಲಿ.’

ಮತ್ತೆ ಯಾರೂ ಕರೆದುಕೊಂಡು ಹೋಗಲಿಲ್ಲ. ಆ ವರ್ಷವೂ ಅವಳು ಫೇಲಾದಳು. ಬೇಸಿಗೆ ರಜೆ ಕಳೆದು ಶಾಲೆ ಶುರುವಾದ ದಿನ ಅವಳ ಕೈಗೆ ಅಕ್ಕಿ ಆರಿಸುವ ಮೊರ ಬಂತು. ‘ಹೆಣ್ಣುಹುಡುಗಿ, ಸಾಕು ಅಂತ ನಾವೇ ಬಿಡಿಸಿದ್ವಿ’ ಎಂದು ಅಮ್ಮ ಕೇಳಿದವರಿಗೆಲ್ಲ ಹೇಳಿದಳು.